58% ಬಂದರೂ ಮೆಷರ್ ಸೋತದ್ದು ಏಕೆ?

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) 58% ‘ಯೆಸ್’ ಬಿದ್ದ ತೆರಿಗೆ ಮೆಷರ್, ಅಂದರೆ ಮತದಾರರ ಮುಂದಿಟ್ಟ ಪ್ರಸ್ತಾವ, ಸೋತು, 56% ಪಡೆದ ಶಾಲಾ ಬಾಂಡ್ (ಶಾಲೆಗಳಿಗಾಗಿ ಸಾಲ ಎತ್ತುವ ಪ್ರಸ್ತಾವ) ಗೆದ್ದಿದೆ ಎಂದಿದ್ದೀರಿ. ಎಣಿಕೆಯಲ್ಲಿ ಎಡವಟ್ಟಾಗಿರುವುದಕ್ಕಿಂತ, ಎರಡಕ್ಕೂ ಬೇಕಾದ ಮತಪ್ರಮಾಣವೇ ಬೇರೆ ಇರುವ ಸಾಧ್ಯತೆ ಹೆಚ್ಚು.

ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ನಿಧಿಗೆ ಹೋಗುವ ತೆರಿಗೆಗೆ ಅರ್ಧಕ್ಕಿಂತ ಒಂದು ಮತ ಹೆಚ್ಚಿದ್ದರೆ ಸಾಕು. ಗೊತ್ತಾದ ಉದ್ದೇಶಕ್ಕೇ ಮೀಸಲಾದ ತೆರಿಗೆಯನ್ನು ಸ್ಥಳೀಯ ಸರ್ಕಾರವೇ ಮತಕ್ಕಿಟ್ಟರೆ ಮೂರನೇ ಎರಡರಷ್ಟು ಬೇಕು; ಇದು ಇಡೀ ರಾಜ್ಯದ ಮತದಾರರು ಒಪ್ಪಿದ 1978ರ ಪ್ರಸ್ತಾವ ‘ಪ್ರೊಪೊಸಿಷನ್ 13’ರ ಫಲ. ಶಾಲಾ ಬಾಂಡಿಗೆ ಸಾಮಾನ್ಯವಾಗಿ 55%, ಅದು 2000ದ ಪ್ರೊಪೊಸಿಷನ್ 39ರಿಂದ ಬಂದದ್ದು. ನಾಗರಿಕರೇ ಸಹಿ ಸಂಗ್ರಹಿಸಿ ತಂದ ತೆರಿಗೆಗೆ ಸರಳ ಬಹುಮತ ಸಾಕೆಂದು ಮೇಲ್ಮನವಿ ನ್ಯಾಯಾಲಯಗಳು ಹೇಳಿವೆ. ನಿಮ್ಮದು ಯಾವ ಬಗೆಯೆಂದು ಅಕ್ಷರ ನೋಡಿ ಹೇಳಲಾಗದು, ‘ಮೆಷರ್ ಎ’, ‘ಮೆಷರ್ ಬಿ’ ಬರೀ ಗುರುತು.

ಮೊದಲು ಮನೆಗೆ ಬಂದ ಮತದಾರರ ಕೈಪಿಡಿಯಲ್ಲಿ ಕೌಂಟಿ ಕೌನ್ಸೆಲ್ (ಕೌಂಟಿಯ ವಕೀಲರು) ಬರೆದ ನಿಷ್ಪಕ್ಷ ವಿಶ್ಲೇಷಣೆ ತೆಗೆಯಿರಿ. ಬೇಕಾದ ಪ್ರಮಾಣ ಅಲ್ಲೇ ಇರುತ್ತದೆ. ಆಮೇಲೆ ಕೌಂಟಿಯ ಚುನಾವಣೆ ನಡೆಸುವ ರಿಜಿಸ್ಟ್ರಾರ್ ಕಚೇರಿಯ ಜಾಲತಾಣದಲ್ಲಿ ಫಲಿತಾಂಶ ‘ಸರ್ಟಿಫೈಡ್’, ಅಂದರೆ ಅಧಿಕೃತವಾಗಿ ಅಂತಿಮ, ಆಗಿದೆಯೇ ನೋಡಿ. ಚುನಾವಣೆಯ ದಿನದೊಳಗೆ ಅಂಚೆ ಮುದ್ರೆ ಬಿದ್ದ ಮತಪತ್ರ ಏಳು ದಿನದೊಳಗೆ ತಲುಪಿದರೂ ಎಣಿಕೆಗೆ ಸೇರುತ್ತದೆ, ಹಾಗಾಗಿ ಮೊದಲ ರಾತ್ರಿಯ ಅಂಕಿ ನಂಬಬೇಡಿ. ಶೇಕಡಾ ಲೆಕ್ಕ ನೀವೇ ಹಾಕುವುದಾದರೆ ಆ ಪ್ರಶ್ನೆಯನ್ನು ಖಾಲಿ ಬಿಟ್ಟವರನ್ನು ಸೇರಿಸದೆ, ಯೆಸ್ ಮತ್ತು ನೋ ಮೊತ್ತದಿಂದಲೇ ಭಾಗಿಸಿ.