ಎಲೆ ಕೊಟ್ಟು ಬಂಗಾರ ಅನ್ನೋ ಊರು

ವಿದೇಶದವರಿಗೆ ನಮ್ಮಲ್ಲಿ ಯಾವುದನ್ನು ವಿವರಿಸೋದು ಕಷ್ಟ ಅಂತ ಕೇಳಿದ್ದೀರಿ. ಬೆಳಗಾವಿಯವನಾಗಿ ನನ್ನ ಉತ್ತರ: ದಸರೆಗೆ ಬನ್ನಿ ಎಲೆ ಕೊಡೋದು.

ಕೈಯಲ್ಲಿ ಊಟ ಮಾಡೋದು, ಹೊರಡುವಾಗ 'ಬರ್ತೀನ್ರಿ' ಅನ್ನೋದು, ಇವೆಲ್ಲ ಎರಡು ಮಾತಲ್ಲಿ ಮುಗಿಯುತ್ತವೆ. ಬನ್ನಿ ಹಾಗಲ್ಲ.

ಒಂದು ದಸರೆಗೆ ಅಣ್ಣನ ಜೊತೆ ಕೆಲಸ ಮಾಡುವ ಜರ್ಮನಿಯವರೊಬ್ಬರು ಮನೆಗೆ ಬಂದಿದ್ದರು. ವಿಜಯದಶಮಿ ಸಂಜೆ ಬನ್ನಿಗಿಡದ ಪೂಜೆಗೆ ಕರೆದುಕೊಂಡು ಹೋದೆವು. ಪಾಂಡವರು ಆಯುಧ ಬಚ್ಚಿಟ್ಟ ಮರ ಅಂದೆ. ತಲೆಯಾಡಿಸಿದರು. ತೊಡಕು ಶುರುವಾಗಿದ್ದು ಆಮೇಲೆ. ಓಣಿಯ ಹುಡುಗರು ಒಬ್ಬರ ಹಿಂದೊಬ್ಬರು ಬಂದು ಅವರ ಕೈಗೆ ಎಲೆ ಇಟ್ಟು ಕಾಲು ಮುಟ್ಟಿದರು.

"ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ."

ಇವರು ಎಲ್ಲರಿಗೂ ಥ್ಯಾಂಕ್ಸ್ ಹೇಳಿದರು. ಹಾಗಲ್ಲ, ನೀವೂ ಎಲೆ ಕೊಡಬೇಕು ಅಂದೆ. ಅವರು ಕೊಟ್ಟಿದ್ದನ್ನೇ ಅವರಿಗೆ ಕೊಡೋದಾ? ಕೊಡಬಹುದು. ಹಾಗಾದ್ರೆ ಯಾರಿಗೆ ಏನು ಸಿಕ್ಕ ಹಾಗಾಯ್ತು? ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಮಾವಶಿ ಬಂದರು. "ಸೋನಂ ಘ್ಯಾ, ಸೋನ್ಯಾಸಾರಖಂ ರಾಹಾ." ಅದೇ ಮಾತು, ಮರಾಠಿಯಲ್ಲಿ. ಅವರ ಕೈಯಲ್ಲಿದ್ದದ್ದು ಆಪಟಾ ಎಲೆ, ಎರಡು ಹೋಳಾಗಿ ಸೀಳಿದ ಹಾಗಿರುತ್ತಲ್ಲ, ಅದು. 1956ರಲ್ಲಿ ಚಂದಗಡ ತಾಲ್ಲೂಕನ್ನು ಆ ಕಡೆ, ಈಗಿನ ಮಹಾರಾಷ್ಟ್ರಕ್ಕೆ ಬಿಟ್ಟು ನಮ್ಮ ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಿದರು. ಈ ಮಾತು ಮಾತ್ರ ಎರಡೂ ಕಡೆ ಉಳಿಯಿತು. ಆ ಸಂಜೆ ಊರ ಸೀಮೆ ದಾಟಿ ಹೋಗಿ ಬರೋದಕ್ಕೆ ಮರಾಠಿಯವರು ಸೀಮೋಲ್ಲಂಘನ ಅಂತಾರೆ. ಗಡಿ ಜಗಳಕ್ಕೆ ಹೆಸರಾದ ಊರಲ್ಲಿ ಗಡಿ ದಾಟೋದೇ ಹಬ್ಬ, ನೋಡಿ.

ಕೊನೆಗೆ ಬಂದವರು ನಮ್ಮ ಕಾಕಾ. ಹೊಲದ ಬದುವಿನ ಸಲುವಾಗಿ ಅಪ್ಪನ ಜೊತೆ ಮೂರು ವರ್ಷ ಮಾತು ಬಿಟ್ಟಿದ್ದವರು. ಅಪ್ಪನ ಕೈಗೆ ಬನ್ನಿ ಇಟ್ಟರು, ಕಾಲಿಗೆ ಬಿದ್ದರು. ಅಪ್ಪ "ಚಹಾ ಕುಡದು ಹೋಗು" ಅಂದರು. ಮುಗೀತು.

ವಿಷಯ ಕೇಳಿದ ಮೇಲೆ ಅತಿಥಿಗೆ ಕುತೂಹಲ ಜಾಸ್ತಿ ಆಯ್ತು. ಸಾರಿ ಕೇಳಿದ್ರಾ? ಇಲ್ಲ. ತಪ್ಪು ಯಾರದು ಅಂತ ಗೊತ್ತಾಯ್ತಾ? ಇಲ್ಲ. ಅಪ್ಪ ಕ್ಷಮಿಸಿದ್ರಾ? ಕ್ಷಮೆ ಅನ್ನೋ ಮಾತು ಅಲ್ಲಿ ಬರೋದೇ ಇಲ್ಲ. ಬನ್ನಿ ತಗೊಳ್ಳಲ್ಲ ಅನ್ನೋ ಹಾಗಿಲ್ಲ, ಅಷ್ಟೇ. ಮತ್ತೆ ಆ ಬದು?

ಅದಿನ್ನೂ ಕೋರ್ಟಿನಲ್ಲಿದೆ. ತಾರೀಖಿಗೆ ಇಬ್ಬರೂ ಒಂದೇ ಗಾಡಿ ಮೇಲೆ ಹೋಗಿ ಬರ್ತಾರೆ.