ಆ್ಯಪ್ ತೋರಿಸಿದ 14ನೇ ದಿನ

ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ. ಇವರನ್ನು ಸುಮಾ ಅಂತ ಕರೆಯೋಣ. ವಯಸ್ಸು 30, ಸೋಮವಾರಪೇಟೆ ಕಡೆಯವರು. ಗಂಡ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ನಾಲ್ಕು ವರ್ಷದ ಮಗಳಿದ್ದಾಳೆ, ಇನ್ನೊಂದು ಮಗು ಬೇಕು ಅಂತ ಗರ್ಭನಿರೋಧಕ ನಿಲ್ಲಿಸಿದ್ದರು. ನನ್ನ ಹತ್ತಿರ ಸಲಹೆಗೆ ಬಂದದ್ದು ಹುತ್ತರಿ ಮುಗಿದ ಮೇಲೆ. ಹಬ್ಬಕ್ಕೆ ಬಂದ ನೆಂಟರೆಲ್ಲ "ಏನೂ ವಿಶೇಷ ಇಲ್ವಾ?" ಅಂತ ಕೇಳಿ ಜೀವ ತಿಂದಿದ್ದರಂತೆ.

"ನನ್ನಲ್ಲೇ ಏನೋ ತೊಂದರೆ ಇದೆ ಮೇಡಂ" ಅಂತ ಒಂದು ನೋಟ್‌ಬುಕ್ ಮುಂದಿಟ್ಟರು. ಅಂಡ ಬಿಡುಗಡೆ ತಿಳಿಯಲು ಸೆಪ್ಟೆಂಬರ್‌ನಿಂದ ದಿನವೂ ಬರೆದಿಟ್ಟ ಥರ್ಮಾಮೀಟರ್ ಅಂಕಿ. 97.2, 98.6, 97.0, 98.3. ಮುಟ್ಟಿನ ಲೆಕ್ಕ ಇಡುವ ಫೋನಿನ ಆ್ಯಪ್ ಅಂಡ ಬಿಡುಗಡೆಯ ದಿನ ಅಂತ ಹೇಳಿದ 14ನೇ ದಿನಗಳಿಗೆಲ್ಲ ಕೆಂಪು ಗುರುತು. ಆ ರಾತ್ರಿ ಗಂಡ ಸುಸ್ತಾಗಿ ಮಲಗಿಬಿಟ್ಟರೆ ಮನೆಯಲ್ಲಿ ಜಗಳ.

ಬೆಳಿಗ್ಗೆ ಯಾವಾಗ ನೋಡ್ತೀರಿ ಅಂತ ಕೇಳಿದೆ. "ಎದ್ದು, ಬಚ್ಚಲೊಲೆಗೆ ಬೆಂಕಿ ಹಾಕಿ, ಕಾಫಿ ಕುಡಿದ ಮೇಲೆ." ಹಾಗಾದರೆ ಆ ಪುಸ್ತಕದಲ್ಲಿ ಇದ್ದದ್ದು ಕಾಫಿಯ ಬಿಸಿ! ಇಬ್ಬರೂ ನಕ್ಕೆವು. ಅಲ್ಲಿಂದ ಮಾತು ಸಲೀಸಾಯಿತು.

ನಿಲ್ಲಿಸಿದ್ದು ಯಾವುದನ್ನು ಅಂತ ಕೇಳಿದಾಗ ವಿಷಯ ಗೊತ್ತಾಯಿತು. ಮಾತ್ರೆ ಅಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್. ಕಾರ್ಡಿನಲ್ಲಿ ಕೊನೆಯ ಡೋಸ್ ಮೇ ತಿಂಗಳದ್ದು. ಆಗಸ್ಟ್‌ನದನ್ನು ಹಾಕಿಸಿಕೊಳ್ಳಲಿಲ್ಲ, ಹಾಗಾಗಿ ಸೆಪ್ಟೆಂಬರ್‌ಗೇ ಎಲ್ಲ ಮೊದಲಿನಂತಾಗಬೇಕು ಅಂತ ಅವರ ಲೆಕ್ಕ.

ಮಾತ್ರೆ ಬಿಟ್ಟವರಿಗೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ಅಂಡ ಬಿಡುಗಡೆ ಮತ್ತೆ ಶುರುವಾಗುತ್ತದೆ. ಅಂತರಾ ಹಾಗಲ್ಲ. ಔಷಧಿ ಮೈಯಿಂದ ನಿಧಾನಕ್ಕೆ ಇಳಿಯುತ್ತದೆ. ಫಲವತ್ತತೆ ಮರಳಲು ಕೊನೆಯ ಡೋಸ್‌ನಿಂದ ಸುಮಾರು 7ರಿಂದ 10 ತಿಂಗಳು ಹಿಡಿಯುವುದು ಮಾಮೂಲು, ಕೆಲವರಿಗೆ ಇನ್ನೂ ಜಾಸ್ತಿ. ಹಾಗಂತ ಗರ್ಭಕೋಶ ಹಾಳಾಗಿದೆ ಅಂತ ಅರ್ಥ ಅಲ್ಲ. ಸುಮಾ ವಿಷಯದಲ್ಲಿ ಆ್ಯಪ್ ಇನ್ನೊಂದು ಎಡವಟ್ಟು ಮಾಡಿತ್ತು. ಮಧ್ಯೆ ಮಧ್ಯೆ ಕಾಣುತ್ತಿದ್ದ ರಕ್ತದ ಕಲೆಯನ್ನೂ ಮುಟ್ಟು ಅಂತ ಹಿಡಿದು 14 ದಿನ ಎಣಿಸುತ್ತಿತ್ತು. ಅಂಡವೇ ಬಿಡುಗಡೆ ಆಗದ ತಿಂಗಳಲ್ಲಿ ಆ ದಿನಕ್ಕೆ ಏನು ಬೆಲೆ?

ಮೊದಲು ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಳ್ಳಲು ಹೇಳಿದೆ. ಮುಟ್ಟು ಬರುವ ಮೊದಲೇ ಗರ್ಭ ನಿಲ್ಲುವುದುಂಟು. ನೆಗೆಟಿವ್ ಬಂತು.

ಆ್ಯಪ್ ಸದ್ಯಕ್ಕೆ ತೆಗೆದುಬಿಡಿ ಎಂದೆ. ಥರ್ಮಾಮೀಟರ್ ದಿಂಬಿನ ಪಕ್ಕದಲ್ಲೇ ಇರಲಿ. ಕಣ್ಣು ಬಿಟ್ಟ ಕೂಡಲೇ, ಏಳುವ ಮೊದಲು, ದಿನವೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ನೋಡಿ. ಅಂಡ ಬಿಡುಗಡೆಯಾದ ಮೇಲೆ ಶಾಖ ಅರ್ಧ ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಏರಿ, ಕಡಿಮೆ ಅಂದರೂ ಮೂರು ದಿನ ಹಾಗೇ ನಿಲ್ಲಬೇಕು. ಆದರೆ ಅದು ಹೇಳುವುದು ಆಗಿಹೋದ ಸುದ್ದಿ. ಮುಂಚೆಯೇ ಸುಳಿವು ಕೊಡುವುದು ಬಿಳಿ ದ್ರವ. ಅದು ಹಸಿ ಮೊಟ್ಟೆಯ ಬಿಳಿಯ ಹಾಗೆ ತಿಳಿಯಾಗಿ, ಬೆರಳಿನ ನಡುವೆ ಎಳೆಯಾಗಿ ಬಂದರೆ ಫಲವತ್ತಾದ ದಿನಗಳು ಅಂತ ತಿಳಿಯಬೇಕು. ಸುಮಾ ತಟ್ಟನೆ ಕೇಳಿದರು: "ಬಿಳಿ ಹೋಗೋದು ಕಾಯಿಲೆ ಅಲ್ವಾ?" ತುರಿಕೆ, ಕೆಟ್ಟ ವಾಸನೆ, ಮೊಸರಿನಂತೆ ಗಟ್ಟಿಯಾಗಿದ್ದರೆ ಡಾಕ್ಟರಿಗೆ ತೋರಿಸಿ, ಇದು ಬೇರೆ ಎಂದೆ. ನಮ್ಮಲ್ಲಿ ಎಷ್ಟೋ ಹೆಂಗಸರು ಇದನ್ನು ಸುಮ್ನೆ ಮುಚ್ಚಿಟ್ಟು ಹೆದರುತ್ತಾರೆ.

ಮುಂದಿನ ವಾರ ಗಂಡನನ್ನೂ ಕರೆಸಿದೆ. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಬಲ್ಲದು, ಅಂಡ ಬದುಕುವುದು ಒಂದು ದಿನ ಮಾತ್ರ. ಎರಡು ಮೂರು ದಿನಕ್ಕೊಮ್ಮೆ ಸೇರಿದರೆ ಸಾಕು ಅಂದಾಗ ಅವರ ಮುಖ ಹಗುರವಾಯಿತು. "ಕೊಯ್ಲಿನ ಡ್ಯೂಟಿ ಮೇಲೆ ಇದೂ ಡ್ಯೂಟಿ ಆಗಿತ್ತು ಮೇಡಂ" ಅಂದರು. ತಾಯಿಗೆ ಅಂತರಾ ವಿಷಯ ತಾನೇ ಹೇಳುವುದಾಗಿ ಒಪ್ಪಿಕೊಂಡರು. ಅದು ಸೊಸೆಯ ತಲೆ ಮೇಲೆ ಬೀಳಬೇಕಾದ ಕೆಲಸವಲ್ಲ. ಸುಮಾಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಈಗಲೇ ಶುರುಮಾಡಲು ಹೇಳಿದೆ.

ಮಾರ್ಚ್‌ನಲ್ಲಿ ಫೋನ್ ಬಂತು. ಸರಿಯಾದ ಮುಟ್ಟು ಒಮ್ಮೆ ಬಂದಿದೆ, ಆಮೇಲೆ ಎಳೆ ದ್ರವ, ಅದರ ಹಿಂದೆಯೇ 97.3ರಿಂದ 97.9ಕ್ಕೆ ಏರಿಕೆ. ಗರ್ಭ ಇನ್ನೂ ನಿಂತಿಲ್ಲ. ಮುಟ್ಟು ಕ್ರಮಕ್ಕೆ ಬಂದು ಒಂದು ವರ್ಷವಾದರೂ ನಿಲ್ಲದಿದ್ದರೆ ಇಬ್ಬರೂ ಪರೀಕ್ಷೆ ಮಾಡಿಸಿ ಎಂದೆ. ಮುಟ್ಟು ಮತ್ತೆ ಮೂರು ತಿಂಗಳು ನಿಂತುಹೋದರೆ ಅಲ್ಲಿಯವರೆಗೂ ಕಾಯಬೇಡಿ ಅಂತಲೂ ಹೇಳಿದೆ.