ಬೆಂಗಳೂರಿನಲ್ಲಿ ಒಬ್ಬರ ಮೇಲೆ ಪೊಲೀಸ್ ಕೇಸ್ ಇತ್ತಾ, ಜೈಲಿಗೆ ಹೋಗಿದ್ದರಾ ಅಂತ ನಾವೇ ನೋಡಬಹುದಾ?

ನಿಮ್ಮ ತಂಗಿಗೆ ಬೆಂಗಳೂರಿನ ಸಂಬಂಧವೊಂದು ಬಂದಿದೆ. ಹುಡುಗನ ಮೇಲೆ ಹಿಂದೆ ಏನೋ ಕೇಸ್ ಇತ್ತಂತೆ, ಒಂದಷ್ಟು ದಿನ ಒಳಗೂ ಇದ್ದನಂತೆ ಅಂತ ಯಾರೋ ನೆಂಟರು ಹೇಳಿದ್ದಾರೆ. ಅಮೆರಿಕದಲ್ಲಿ ಹೆಸರು ಹಾಕಿದರೆ ಜೈಲಿನಲ್ಲಿ ತೆಗೆದ ಫೋಟೋ ಸಮೇತ ಎಲ್ಲ ಬರುತ್ತದಂತೆ, ನಮ್ಮಲ್ಲೂ ಅಂಥ ವ್ಯವಸ್ಥೆ ಇದೆಯಾ ಅಂತ ಕೇಳಿದ್ದೀರಿ.

ಇಲ್ಲ. ಆದರೆ ಏನೂ ಸಿಗುವುದಿಲ್ಲ ಅಂತಲೂ ಅಲ್ಲ.

ನಾನು ಬೆಂಗಳೂರಿನ ಕೋರ್ಟುಗಳಲ್ಲಿ ಕ್ರಿಮಿನಲ್ ಕೇಸ್ ನಡೆಸುವ ವಕೀಲ. ಇದೇ ಪ್ರಶ್ನೆಯನ್ನು ಮನೆ ಬಾಡಿಗೆಗೆ ಕೊಡುವವರು, ಕೆಲಸಕ್ಕೆ ಜನ ಸೇರಿಸಿಕೊಳ್ಳುವವರು, ಹೆಣ್ಣು ಕೊಡುವವರು ಎಲ್ಲರೂ ಕೇಳುತ್ತಾರೆ. ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಕಾಣುವ ದಾಖಲೆ ಇರುವುದು ಕೇಸಿನ ಲೆಕ್ಕದಲ್ಲಿ, ಮನುಷ್ಯನ ಲೆಕ್ಕದಲ್ಲಿ ಅಲ್ಲ. ಒಬ್ಬನ ಮೇಲೆ ಯಾವ್ಯಾವ ಠಾಣೆಯಲ್ಲಿ ಏನೇನಿದೆ ಅಂತ ಒಟ್ಟಿಗೆ ನೋಡುವ ಸೌಲಭ್ಯ ಪೊಲೀಸರ ಸಿಸಿಟಿಎನ್‌ಎಸ್ ಜಾಲದಲ್ಲಿದೆ. ಅದು ಇಲಾಖೆಯವರಿಗೆ ಮಾತ್ರ. 2018ರಲ್ಲಿ ಶುರುವಾದ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಪಟ್ಟಿಯೂ ಅಷ್ಟೇ, ತನಿಖೆ ಮಾಡುವವರಿಗೆ ಮಾತ್ರ ತೆರೆಯುತ್ತದೆ. ರೌಡಿ ಶೀಟ್ ಕೂಡ ಠಾಣೆಯ ಒಳಗಿನ ಪುಸ್ತಕ, ಹೊರಗಿನವರು ಕೇಳಿದರೆ ತೋರಿಸುವುದಿಲ್ಲ. ಹಾಗಾಗಿ ನಾವು ಹುಡುಕಬೇಕಾಗಿರುವುದು ಹುಡುಗನನ್ನಲ್ಲ, ಕೇಸನ್ನು.

ಕೇಸ್ ಹುಡುಕುವ ಜಾಗ ಇ-ಕೋರ್ಟ್ಸ್, ಕೋರ್ಟುಗಳ ಕೇಸ್ ವಿವರ ತೋರಿಸುವ ಸರ್ಕಾರಿ ತಾಣ. ವೆಬ್‌ಸೈಟೂ ಇದೆ, ಮೊಬೈಲ್ ಆ್ಯಪ್ ಕೂಡ ಇದೆ, ದುಡ್ಡು ಕಟ್ಟಬೇಕಿಲ್ಲ. ಕೇಸ್ ಸ್ಟೇಟಸ್‌ಗೆ ಹೋಗಿ ಕರ್ನಾಟಕ, ಆಮೇಲೆ ಬೆಂಗಳೂರು, ಆಮೇಲೆ ಕೋರ್ಟ್ ಕಾಂಪ್ಲೆಕ್ಸ್ ಆರಿಸಬೇಕು. ಇಲ್ಲೇ ಜನ ಜಾಸ್ತಿ ಎಡವುವುದು. ಬೆಂಗಳೂರಿನ ಕೋರ್ಟುಗಳೆಲ್ಲ ಒಂದೇ ಕಡೆ ಇಲ್ಲ. ಮ್ಯಾಜಿಸ್ಟ್ರೇಟ್ ಕೋರ್ಟುಗಳು ನೃಪತುಂಗ ರಸ್ತೆಯಲ್ಲಿವೆ. ಸೆಷನ್ಸ್ ಕೋರ್ಟುಗಳು ಸಿಟಿ ಸಿವಿಲ್ ಕೋರ್ಟ್ ಕಟ್ಟಡದಲ್ಲಿವೆ. ಮೇಯೋ ಹಾಲ್‌ನಲ್ಲಿ ಇನ್ನಷ್ಟು ಇವೆ. ಒಂದು ಕಾಂಪ್ಲೆಕ್ಸ್‌ನಲ್ಲಿ ಹುಡುಕಿ ಏನೂ ಸಿಗಲಿಲ್ಲ ಅಂತ ನಿಲ್ಲಿಸಿದರೆ ಹುಡುಕಿದ ಹಾಗೇ ಅಲ್ಲ.

ಪಾರ್ಟಿ ನೇಮ್‌ನಲ್ಲಿ ಹೆಸರು ಹಾಕಿದರೆ ಕೇಸ್ ನೋಂದಣಿಯಾದ ವರ್ಷವನ್ನೂ ಕೇಳುತ್ತದೆ. ಅಂದರೆ ವರ್ಷ ವರ್ಷಕ್ಕೂ ಬೇರೆ ಬೇರೆಯಾಗಿ ನೋಡಬೇಕು. ಪೆಂಡಿಂಗ್ ಜೊತೆಗೆ ಡಿಸ್ಪೋಸ್ಡ್, ಅಂದರೆ ಮುಗಿದ ಕೇಸುಗಳನ್ನೂ ನೋಡಿ, ಹಳೆಯ ಕೇಸ್ ಇರುವುದು ಅಲ್ಲೇ. ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ. ಠಾಣೆಯಲ್ಲಿ ಕನ್ನಡದಲ್ಲಿ ಬರೆದಿದ್ದನ್ನು ಕೋರ್ಟ್ ಗುಮಾಸ್ತರು ತಮಗೆ ತೋಚಿದ ಹಾಗೆ ಇಂಗ್ಲಿಷಿಗೆ ತಂದಿರುತ್ತಾರೆ. ಮಂಜುನಾಥ ಅನ್ನುವವನು ಕೊನೆಗೆ ಒಂದು ಎ ಜಾಸ್ತಿಯಾಗಿಯೋ ಕಡಿಮೆಯಾಗಿಯೋ, ಇನಿಷಿಯಲ್ ಹಿಂದೆಯೋ ಮುಂದೆಯೋ, ಅಥವಾ ‘ಮಂಜ’ ಅಂತ ಅಲಿಯಾಸ್ ಹೆಸರಲ್ಲೋ ಸಿಗಬಹುದು. ಪೂರ್ತಿ ಹೆಸರು ಹಾಕುವುದಕ್ಕಿಂತ ಮೊದಲ ನಾಲ್ಕೈದು ಅಕ್ಷರ ಹಾಕಿ, ಬಂದ ಪಟ್ಟಿಯನ್ನು ನಿಧಾನವಾಗಿ ನೋಡುವುದು ವಾಸಿ. ಪಟ್ಟಿ ಉದ್ದ ಬರುತ್ತದೆ, ತಾಳ್ಮೆ ಬೇಕು.

ಈಗ ನಿಮ್ಮ ವಿಷಯಕ್ಕೆ ತುಂಬಾ ಬೇಕಾಗುವ ಒಂದು ಮಾತು. ಹುಡುಗ ನಿಜವಾಗಿಯೂ ಒಳಗಿದ್ದು ಹೊರಗೆ ಬಂದಿದ್ದರೆ, ಹೆಚ್ಚಿನ ಪಾಲು ಜಾಮೀನಿನ ಮೇಲೇ ಬಂದಿರುತ್ತಾನೆ. ಜಾಮೀನು ಅರ್ಜಿಯಲ್ಲಿ ಅವನು ಆರೋಪಿ ಸ್ಥಾನದಲ್ಲಿ ಇರುವುದಿಲ್ಲ, ಅರ್ಜಿದಾರನ ಸ್ಥಾನದಲ್ಲಿ ಇರುತ್ತಾನೆ. ಎದುರುಗಡೆ ‘ಇಂಥ ಠಾಣೆಯ ಮೂಲಕ ಕರ್ನಾಟಕ ರಾಜ್ಯ’ ಅಂತ ಇರುತ್ತದೆ. ಸೆಷನ್ಸ್ ಕೋರ್ಟಿನಲ್ಲಿ ಇಂಥ ಅರ್ಜಿಗೆ ಕ್ರಿಮಿನಲ್ ಮಿಸಲೇನಿಯಸ್ ಅಂತ ನಂಬರ್ ಬೀಳುತ್ತದೆ. ಹೈಕೋರ್ಟಿನಲ್ಲಿ ಕ್ರಿಮಿನಲ್ ಪಿಟಿಷನ್. ಹೈಕೋರ್ಟಿನ ವೆಬ್‌ಸೈಟ್ ಬೇರೆ, ಅಲ್ಲೂ ಹೆಸರು ಹಾಕಿ ಹುಡುಕಬಹುದು.

ಜಾಮೀನು ಆದೇಶದ ಪ್ರತಿ ತೆರೆದರೆ ಮೊದಲ ಒಂದೆರಡು ಪುಟದಲ್ಲೇ ಕಥೆಯೆಲ್ಲ ಇರುತ್ತದೆ. ಯಾವ ಠಾಣೆ, ಕ್ರೈಂ ನಂಬರ್ (ಅಂದರೆ ಠಾಣೆಯ ಎಫ್‌ಐಆರ್ ನಂಬರ್) ಎಷ್ಟು, ಯಾವ ಕಲಮು, ದೂರಿನಲ್ಲಿ ಏನಿದೆ, ಎಂದಿನಿಂದ ನ್ಯಾಯಾಂಗ ಬಂಧನದಲ್ಲಿದ್ದಾನೆ, ಹಿಂದೆ ಬೇರೆ ಕೇಸ್ ಇದೆ ಅಂತ ಸರ್ಕಾರಿ ವಕೀಲರು ಹೇಳಿದರಾ, ಎಲ್ಲ. ನನ್ನನ್ನು ಕೇಳಿದರೆ ಹೊರಗಿನವರ ಕೈಗೆ ಸಿಗುವ ಕಾಗದಗಳಲ್ಲಿ ಇದಕ್ಕಿಂತ ಉಪಯೋಗದ್ದು ಇಲ್ಲ. ಸಣ್ಣಪುಟ್ಟ ಕೇಸುಗಳಲ್ಲಿ ಮ್ಯಾಜಿಸ್ಟ್ರೇಟರೇ ಜಾಮೀನು ಕೊಟ್ಟುಬಿಡುತ್ತಾರೆ. ಆಗ ಬೇರೆ ನಂಬರ್ ಇರುವುದಿಲ್ಲ, ಮೂಲ ಕೇಸಿನ ಹಿಸ್ಟರಿಯಲ್ಲೇ ಒಂದು ಸಾಲು ಕಾಣುತ್ತದೆ ಅಷ್ಟೇ.

ಕ್ರೈಂ ನಂಬರ್ ಸಿಕ್ಕಿತು ಅಂದುಕೊಳ್ಳಿ. ಮುಂದಿನದು ಎಫ್‌ಐಆರ್. 2016ರ ಸೆಪ್ಟೆಂಬರ್‌ನಲ್ಲಿ ಯೂತ್ ಬಾರ್ ಅಸೋಸಿಯೇಷನ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು ಅಂತ ಹೇಳಿತು. ನೆಟ್‌ವರ್ಕ್ ತೊಂದರೆ ಇರುವ ಕಡೆ 72 ಗಂಟೆವರೆಗೂ ಸಮಯ ಕೊಟ್ಟಿದೆ. ಕರ್ನಾಟಕ ಪೊಲೀಸರ ವೆಬ್‌ಸೈಟಿನಲ್ಲಿ ಎಫ್‌ಐಆರ್ ಹುಡುಕುವ ಪುಟ ಇದೆ. ಆದರೆ ಅಲ್ಲಿ ಠಾಣೆ, ನಂಬರ್, ವರ್ಷ ಬೇಕು. ಸುಮ್ನೆ ಹೆಸರು ಹಾಕಿದರೆ ಆಗುವುದಿಲ್ಲ. ಅದಕ್ಕೇ ಮೊದಲು ಕೋರ್ಟ್ ಕಡೆಯಿಂದ ಬನ್ನಿ ಅಂದಿದ್ದು.

ಲೈಂಗಿಕ ಅಪರಾಧ, ಪೋಕ್ಸೋ, ಭಯೋತ್ಪಾದನೆ ಥರದ ಸೂಕ್ಷ್ಮ ಕೇಸುಗಳ ಎಫ್‌ಐಆರ್ ಅಲ್ಲಿ ಹಾಕುವುದಿಲ್ಲ, ಅದೇ ತೀರ್ಪಿನಲ್ಲಿ ಆ ವಿನಾಯಿತಿ ಇದೆ. ಹಾಗಾಗಿ ವೆಬ್‌ಸೈಟಿನಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಕೇಸೇ ಇಲ್ಲ ಅಂತಲ್ಲ. ಎಫ್‌ಐಆರ್ ಸಿಕ್ಕರೆ ತಂದೆಯ ಹೆಸರು, ವಯಸ್ಸು, ವಿಳಾಸ ನೋಡಿ. ‘ಬಿನ್’ ಅಂತ ಇದ್ದ ಕಡೆ ಮುಂದಿನದು ತಂದೆಯ ಹೆಸರು. ಇವು ತಾಳೆಯಾಗದೆ ಇದು ಅವನೇ ಅಂತ ತೀರ್ಮಾನಿಸಬೇಡಿ. ಬೆಂಗಳೂರಿನಲ್ಲಿ ಒಂದೇ ಹೆಸರು, ಒಂದೇ ಇನಿಷಿಯಲ್ ಇರುವವರು ಎಷ್ಟು ಜನ ಬೇಕು?

ಎಫ್‌ಐಆರ್ ನೋಡಿ ಬೆಚ್ಚಿಬೀಳುವವರೇ ಜಾಸ್ತಿ. ಅದು ಒಬ್ಬರು ಕೊಟ್ಟ ದೂರು, ಅಷ್ಟೇ. ಅದರಲ್ಲಿ ಬರೆದಿದ್ದು ನಿಜವೋ ಅಲ್ಲವೋ ಆ ಹೊತ್ತಿಗೆ ಪೊಲೀಸರಿಗೂ ಗೊತ್ತಿರುವುದಿಲ್ಲ. ಆಮೇಲೆ ಏನಾಯಿತು ಅನ್ನುವುದು ಮುಖ್ಯ. ತನಿಖೆ ಮಾಡಿ ಕೇಸಿನಲ್ಲಿ ಹುರುಳಿಲ್ಲ ಅನಿಸಿದರೆ ಪೊಲೀಸರು ಬಿ ರಿಪೋರ್ಟ್ ಹಾಕುತ್ತಾರೆ. ಆರೋಪಿ ಯಾರು ಅಂತ ಪತ್ತೆಯಾಗದಿದ್ದರೆ ಸಿ ರಿಪೋರ್ಟ್. ಸಾಕ್ಷ್ಯ ಇದ್ದರೆ ಚಾರ್ಜ್‌ಶೀಟ್ ಹಾಕುತ್ತಾರೆ, ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸಿಸಿ ನಂಬರ್ ಬೀಳುತ್ತದೆ. ಕೊಲೆ, ಡಕಾಯಿತಿಯಂಥ ದೊಡ್ಡ ಕೇಸಾದರೆ ಅಲ್ಲಿಂದ ಸೆಷನ್ಸ್‌ಗೆ ಹೋಗಿ ಎಸ್‌ಸಿ (ಸೆಷನ್ಸ್ ಕೇಸ್) ನಂಬರ್ ಆಗುತ್ತದೆ. ಇ-ಕೋರ್ಟ್ಸ್‌ನಲ್ಲಿ ಡಿಸ್ಪೋಸ್ಡ್ ಅಂತ ಮಾತ್ರ ನೋಡಿ ಬಿಡಬೇಡಿ, ಹೇಗೆ ಮುಗಿಯಿತು ಅಂತ ಅದರ ಕೆಳಗೆ ಇರುತ್ತದೆ. ಖುಲಾಸೆಯಾಯಿತಾ, ಶಿಕ್ಷೆಯಾಯಿತಾ, ರಾಜಿಯಾಯಿತಾ, ಹೈಕೋರ್ಟ್ ರದ್ದು ಮಾಡಿತಾ? ಆರೋಪಿಗಳಲ್ಲಿ ಒಬ್ಬ ತಲೆಮರೆಸಿಕೊಂಡಿದ್ದರೆ ಅವನೊಬ್ಬನ ಕೇಸನ್ನು ಬೇರೆ ಮಾಡಿ ಹೊಸ ನಂಬರ್ ಕೊಡುತ್ತಾರೆ. ಉಳಿದವರ ಕೇಸ್ ಖುಲಾಸೆ ಅಂತ ಮುಗಿದಿದ್ದರೂ ಅವನದು ಇನ್ನೂ ಬಾಕಿ ಇರಬಹುದು.

ಮದುವೆ ವಿಷಯ ಆದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮೊದಲ ಮದುವೆ ಏನಾದರೂ ಇತ್ತಾ ಅನ್ನುವ ಅನುಮಾನ ಇದ್ದರೆ, ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿಗಳೂ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಕ್ರಿಮಿನಲ್ ಮಿಸಲೇನಿಯಸ್ ಅಂತಲೇ ಬರುತ್ತವೆ. ಹೆಸರಲ್ಲಿ ಕ್ರಿಮಿನಲ್ ಅಂತ ಇದ್ದರೂ ಅದು ಜೈಲಿಗೆ ಕಳಿಸುವ ಕೇಸಲ್ಲ. ಜೀವನಾಂಶ, ರಕ್ಷಣೆ, ಇರಲು ಮನೆ ಕೇಳುವ ಅರ್ಜಿ.

ಚಾರ್ಜ್‌ಶೀಟ್ ನಿಮಗೆ ಸಿಗುವುದಿಲ್ಲ. ಅದನ್ನೂ ಎಫ್‌ಐಆರ್ ಥರ ವೆಬ್‌ಸೈಟಿಗೆ ಹಾಕಿಸಿ ಅಂತ ಒಬ್ಬರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಅದು ಸಾರ್ವಜನಿಕ ದಾಖಲೆ ಅಲ್ಲ ಅಂತ 2023ರ ಜನವರಿಯಲ್ಲಿ ಕೋರ್ಟು ಅರ್ಜಿ ವಜಾ ಮಾಡಿತು. ತೀರ್ಪು ಬಂದಿದ್ದರೆ ಅದನ್ನು ಇ-ಕೋರ್ಟ್ಸ್‌ನಲ್ಲೇ ಓದಬಹುದು. ದೃಢೀಕೃತ ನಕಲು ಬೇಕಾದರೆ ಕೋರ್ಟಿನ ನಕಲು ವಿಭಾಗಕ್ಕೆ ಅರ್ಜಿ ಹಾಕಬೇಕು. ಕೇಸಿಗೆ ಸಂಬಂಧವಿಲ್ಲದವರು ಯಾಕೆ ಬೇಕು ಅಂತ ಅಫಿಡವಿಟ್ ಕೊಡಬೇಕಾಗುತ್ತದೆ. ಕೊಡುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟಿದ್ದು.

ಇನ್ನು ಜೈಲು. ಪರಪ್ಪನ ಅಗ್ರಹಾರದಲ್ಲಿ ಯಾರ್ಯಾರು ಇದ್ದಾರೆ ಅಂತ ಹೆಸರು ಹಾಕಿ ನೋಡುವ ಪುಟ ಇಲ್ಲ. ಇ-ಪ್ರಿಸನ್ಸ್ ಅನ್ನುವ ಕೇಂದ್ರದ ಪೋರ್ಟಲ್ ಇದೆ. ಅದರಲ್ಲಿ ಸಾರ್ವಜನಿಕರಿಗೆ ಕಾಣುವುದು ಎಷ್ಟು ಜನ ಕೈದಿಗಳಿದ್ದಾರೆ ಅನ್ನುವಂಥ ಅಂಕಿ ಅಂಶ. ಅಲ್ಲೇ ಇ-ಮುಲಾಕಾತ್ ಅಂತ ಇದೆ, ಅದು ಒಳಗಿರುವವರನ್ನು ನೋಡಲು ಸಮಯ ಗೊತ್ತುಮಾಡಿಕೊಳ್ಳುವುದಕ್ಕೆ. ಅದಕ್ಕೆ ಕೈದಿಯ ವಿವರ ನೀವೇ ಕೊಡಬೇಕು, ಅದು ಹುಡುಕಿ ಕೊಡುವುದಿಲ್ಲ. ಟಿವಿಯಲ್ಲಿ ಕೇಳುವ ಯುಟಿಪಿ ನಂಬರ್ ವಿಚಾರಣಾಧೀನ ಕೈದಿಗೆ ಕೊಡುವುದು, ಸಿಟಿಪಿ ಶಿಕ್ಷೆಯಾದವರಿಗೆ. ಬಿಡುಗಡೆಯಾದವನ ಹಳೆಯ ಜೈಲು ದಾಖಲೆಯಂತೂ ಹೊರಗಿನವರಿಗೆ ಕಾಣುವ ಪ್ರಶ್ನೆಯೇ ಇಲ್ಲ. ಒಳಗಿದ್ದನಾ ಅನ್ನುವುದಕ್ಕೆ ಸಾಕ್ಷಿ ಜೈಲಿನಲ್ಲಿ ಹುಡುಕಬೇಡಿ, ಆ ಜಾಮೀನು ಆದೇಶದಲ್ಲೇ ಹುಡುಕಿ.

ಪೊಲೀಸರು ಈಗಷ್ಟೇ ಯಾರನ್ನೋ ಕರೆದುಕೊಂಡು ಹೋಗಿದ್ದಾರೆ, ಎಲ್ಲಿದ್ದಾರೆ ಗೊತ್ತಿಲ್ಲ ಅಂತ ಹುಡುಕುತ್ತಾ ಇದನ್ನು ಓದುತ್ತಿರುವವರಿಗೆ ಮಾತ್ರ ಲೆಕ್ಕ ಬೇರೆ. ಹಳೆಯ ಸಿಆರ್‌ಪಿಸಿ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್ ಕಾನೂನಿನ 37ನೇ ಕಲಮಿನ ಪ್ರಕಾರ, ಬಂಧಿತರ ಹೆಸರು, ವಿಳಾಸ, ಆರೋಪದ ವಿವರ ಇಟ್ಟುಕೊಳ್ಳಲು ಪ್ರತಿ ಠಾಣೆಯಲ್ಲೂ ಒಬ್ಬ ಅಧಿಕಾರಿ ಇರಬೇಕು, ಆ ವಿವರವನ್ನು ಠಾಣೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಇಲ್ಲಿ ಕಾಯುತ್ತಾ ಕೂರಬೇಡಿ, ವಕೀಲರನ್ನು ಕರೆದುಕೊಂಡು ಠಾಣೆಗೆ ಹೋಗಿ.

ಮಾಹಿತಿ ಹಕ್ಕಿನಲ್ಲಿ ಕೇಳಬಹುದಾ ಅಂತಲೂ ಕೇಳಿದ್ದೀರಿ. 10 ರೂಪಾಯಿ ಶುಲ್ಕ, 30 ದಿನದ ಗಡುವು, ಹಾಕಲು ಅಡ್ಡಿಯಿಲ್ಲ. ಆದರೆ ಬೇರೊಬ್ಬರ ಮೇಲಿನ ಕೇಸಿನ ವಿವರ ಕೊಡಿ ಅಂದರೆ 8ನೇ ಕಲಮು ತೋರಿಸಿ ಹಿಂದಕ್ಕೆ ಕಳಿಸುತ್ತಾರೆ. ತನಿಖೆ ನಡೆಯುತ್ತಿದ್ದರೆ ಅದಕ್ಕೆ ತೊಂದರೆ ಅನ್ನುವ ಕಾರಣ, ಇಲ್ಲದಿದ್ದರೆ ವೈಯಕ್ತಿಕ ಮಾಹಿತಿ ಅನ್ನುವ ಕಾರಣ. ನಿಮ್ಮ ಕೆಲಸಕ್ಕೆ ಅದು ದಾರಿಯಲ್ಲ.

ಒಂದು ತಮಾಷೆ ನೋಡಿ. ಈ ದೇಶದಲ್ಲಿ ಒಬ್ಬ ಮನುಷ್ಯನ ಕೇಸುಗಳೆಲ್ಲ ಒಂದೇ ಕಡೆ, ಅವನದೇ ಸಹಿ ಹಾಕಿ, ಯಾರು ಬೇಕಾದರೂ ನೋಡುವ ಹಾಗೆ ಸಿಗುವುದು ಅವನು ಚುನಾವಣೆಗೆ ನಿಂತಾಗ ಮಾತ್ರ. 2002ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಫಲ ಅದು. ಲೋಕಸಭೆಗೋ ವಿಧಾನಸಭೆಗೋ ನಿಂತವರ ಅಫಿಡವಿಟ್ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಇರುತ್ತದೆ. ನಿಮ್ಮ ತಂಗಿಗೆ ಬಂದಿರುವ ಹುಡುಗ ರಾಜಕೀಯದಲ್ಲಿ ಇದ್ದಿದ್ದರೆ ಕೆಲಸ ಎಷ್ಟು ಸುಲಭವಾಗುತ್ತಿತ್ತು, ಅಲ್ವಾ?

‘ಠಾಣೆಯಲ್ಲಿ ನಮ್ಮವರೊಬ್ಬರು ಇದ್ದಾರೆ, ಸಿಸ್ಟಮ್‌ನಲ್ಲಿ ನೋಡಿಸಿ ಕೊಡುತ್ತೇನೆ, ಸ್ವಲ್ಪ ಖರ್ಚಾಗುತ್ತದೆ’ ಅನ್ನುವವರು ಖಂಡಿತ ಸಿಗುತ್ತಾರೆ. ಕೊಡಬೇಡಿ. ಕದ್ದು ತೋರಿಸಿದ್ದು ಸರಿಯೋ ತಪ್ಪೋ ಅಂತ ನೀವು ಯಾರ ಹತ್ತಿರವೂ ಕೇಳುವ ಹಾಗಿಲ್ಲ. ಹುಡುಗ 18 ತುಂಬುವ ಮುಂಚೆ ಏನಾದರೂ ಮಾಡಿಕೊಂಡಿದ್ದರೆ ಅದನ್ನು ಕೆದಕಲೂ ಹೋಗಬೇಡಿ. ಬಾಲ ನ್ಯಾಯ ಕಾಯ್ದೆ ಆ ಗುರುತನ್ನು ಬಹಿರಂಗ ಮಾಡುವುದನ್ನೇ ತಡೆಯುತ್ತದೆ.

ನಾನಾಗಿದ್ದರೆ ನೇರವಾಗಿ ಹುಡುಗನನ್ನೇ ಕೇಳುತ್ತಿದ್ದೆ. ಕೇಸ್ ಇದ್ದವರಿಗೆ ತಮ್ಮ ಕೇಸ್ ನಂಬರ್ ಬಾಯಿಪಾಠ ಇರುತ್ತದೆ. ನಂಬರ್ ಹೇಳಿದರೆ ಇ-ಕೋರ್ಟ್ಸ್‌ನಲ್ಲಿ ಎರಡು ನಿಮಿಷದ ಕೆಲಸ. ಕೇಸೇ ಇಲ್ಲ ಅಂದರೆ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಪೊಲೀಸ್ ವೆರಿಫಿಕೇಷನ್‌ಗೆ ಅರ್ಜಿ ಹಾಕಿ ಸರ್ಟಿಫಿಕೇಟ್ ತೋರಿಸಿ ಅನ್ನಬಹುದು. ಅದಕ್ಕೆ ಅವನೇ ಅರ್ಜಿ ಹಾಕಬೇಕು, ನೀವು ಅವನ ಪರವಾಗಿ ಹಾಕುವಂತಿಲ್ಲ. ಕೇಳುವ ಮುಂಚೆ ನೀವೇ ಒಮ್ಮೆ ಹುಡುಕಿಕೊಳ್ಳುವುದಾದರೆ ಬೆಂಗಳೂರು ಗ್ರಾಮಾಂತರವನ್ನು ಬಿಡಬೇಡಿ, ಇ-ಕೋರ್ಟ್ಸ್ ಪಟ್ಟಿಯಲ್ಲಿ ಅದು ಬೇರೆ ಜಿಲ್ಲೆ. ಹುಡುಗ ಓದಿದ್ದೋ ಮೊದಲು ಕೆಲಸ ಮಾಡಿದ್ದೋ ಬೇರೆ ಊರಲ್ಲಾದರೆ ಆ ಜಿಲ್ಲೆಯನ್ನೂ ಆರಿಸಿ ನೋಡಿ.